ಮೀನಿನ ಆಹಾರಕ್ಕೆ ಬೆಳ್ಳುಳ್ಳಿ, ಅರಿಶಿನ, ಅಮೃತಬಳ್ಳಿ: ಎಷ್ಟು, ಹೇಗೆ, ಯಾವಾಗ?

ಹತ್ತುಗುಂಟೆ ಕೇಳಿದ್ದು:

ನಮಸ್ಕಾರ. ಹೊಂಡ ದೊಡ್ಡಬಳ್ಳಾಪುರದ ಕಡೆ, ಮೀನು ಹೋಗುವುದು ಬೆಂಗಳೂರಿಗೆ. 10 ಗುಂಟೆ, ಐದಡಿ ನೀರು, ಬೋರ್‌ವೆಲ್. ರೋಹು 350, ಕಾಟ್ಲಾ 250, ಮೃಗಾಲ್ 200. ಸದ್ಯ ಸರಾಸರಿ ತೂಕ 250 ಗ್ರಾಂ. 28% ಪ್ರೋಟೀನ್ ಇರುವ 4 ಮಿ.ಮೀ. ತೇಲುವ ಪೆಲೆಟ್, ದಿನಕ್ಕೆ 5 ಕೆಜಿ, ಎರಡು ಹೊತ್ತು.

ಚಳಿ ಹಿಡಿಯುತ್ತಿದ್ದಂತೆ ರೋಹು ಮೈಮೇಲೆ ಕೆಂಪು ಚುಕ್ಕೆ ಏಳುತ್ತೆ, ಆಮೇಲೆ ಹುಣ್ಣು. ಆಂಟಿಬಯೋಟಿಕ್ ಕಡೆ ಹೋಗುವುದಿಲ್ಲ. ಈಗಿನ್ನೂ ಶ್ರಾವಣ, ತಯಾರಿಗೆ ಟೈಮ್ ಇದೆ. ರೋಗನಿರೋಧಕ ಶಕ್ತಿಗೆ ಬೆಳ್ಳುಳ್ಳಿ, ಅರಿಶಿನ, ಅಮೃತಬಳ್ಳಿ, ನುಗ್ಗೆಸೊಪ್ಪು, ಬೇವು ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಯಾರೂ ಅಳತೆ ಹೇಳಲ್ಲ. ಕೆಜಿ ಪೆಲೆಟ್‌ಗೆ ಎಷ್ಟು ಗ್ರಾಂ? ಪುಡಿಯೋ ರಸವೋ? ಪೆಲೆಟ್ ಮೇಲೆ ಹಚ್ಚಿದ್ದು ನೀರಿಗೆ ಬಿದ್ದ ತಕ್ಷಣ ತೊಳೆದು ಹೋಗಲ್ವಾ? ಎಷ್ಟು ದಿನ ಕೊಡಬೇಕು?

---

ತೌಡುಹಿಂಡಿ

ಅಳತೆಗಿಂತ ಮೊದಲು ಟೈಮ್ ವಿಷಯ ಹೇಳ್ತೀನಿ, ಯಾಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ. ಕಾಯಿಲೆ ಬಿದ್ದ ಮೀನು ಮೊದಲು ಬಿಡುವುದು ಊಟ. ಹುಣ್ಣು ಕಂಡ ಮೇಲೆ ಪೆಲೆಟ್‌ಗೆ ಬೆಳ್ಳುಳ್ಳಿ ಹಚ್ಚಿದರೆ ಅದನ್ನು ತಿನ್ನುವುದು ಗಟ್ಟಿಮುಟ್ಟಾದ ಮೀನು, ಬೇಕಾದ ಮೀನಿಗೆ ಒಂದು ಕಾಳೂ ಸಿಗಲ್ಲ. ಇವೆಲ್ಲ ಕಾಯಿಲೆ ಬರುವ ಮುಂಚೆ ಕೊಡುವ ಪದಾರ್ಥಗಳು. ಗಿಡಮೂಲಿಕೆ ಚುರುಕು ಮಾಡುವುದು ಮೀನಿನ ಹುಟ್ಟು ರಕ್ಷಣೆಯನ್ನು: ಸೂಕ್ಷ್ಮಾಣು ನುಂಗುವ ಬಿಳಿರಕ್ತಕಣ, ಲೋಳೆ ಮತ್ತು ರಕ್ತದಲ್ಲಿರುವ ಲೈಸೋಜೈಮ್ ಅನ್ನುವ ಕಿಣ್ವ, ಇಂಥವು. ಅದು ಎರಡು ದಿನದಲ್ಲಿ ಆಗುವ ಕೆಲಸ ಅಲ್ಲ, ಮೂರು-ನಾಲ್ಕು ವಾರ ಬೇಕು. ಮಹಾಲಯ ಅಮಾವಾಸ್ಯೆಗೆ ಶುರು ಮಾಡಿದರೆ ದೀಪಾವಳಿ ಅಮಾವಾಸ್ಯೆಗೆ ಸರಿಯಾಗಿ ಒಂದು ತಿಂಗಳು. ಆಮೇಲೆ ಎರಡು ವಾರ ಬರೀ ಪೆಲೆಟ್, ಮತ್ತೆ ಮೂರು ವಾರ ಮೂಲಿಕೆ ಬೆರಕೆ. ವರ್ಷವಿಡೀ ಕೊಡಬೇಡಿ. ಸದಾ ತಟ್ಟಿ ಎಬ್ಬಿಸುತ್ತಿದ್ದರೆ ರಕ್ಷಣೆ ಮಂಕಾಗುತ್ತೆ, ದುಡ್ಡೂ ದಂಡ.

ಅಳತೆ, ಕೆಜಿ ಪೆಲೆಟ್‌ಗೆ:

ಬೆಳ್ಳುಳ್ಳಿ: ಸುಲಿದ ಹಸಿ ಎಸಳು 10 ಗ್ರಾಂ. ನಿಮ್ಮ 5 ಕೆಜಿಗೆ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕೆಜಿ. ಪುಡಿಯಾದರೆ 3 ಗ್ರಾಂ ಸಾಕು, ಹಸಿ ಬೆಳ್ಳುಳ್ಳಿಯಲ್ಲಿ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ನೀರೇ ಇರುತ್ತೆ.

ಅರಿಶಿನ: 2 ಗ್ರಾಂ, ಹೆಚ್ಚೆಂದರೆ 5. ಇಡೀ ಕೊಂಬು ತಂದು ಪುಡಿ ಮಾಡಿಸಿ. ಬಿಡಿ ಪುಡಿಯಲ್ಲಿ ಮೆಟಾನಿಲ್ ಹಳದಿ ಬಣ್ಣ ಬೆರೆಸುವ ಚಾಳಿ ಇದೆ, ಅದು ಮೀನಿಗೂ ಬೇಡ, ಮೀನು ತಿನ್ನುವವರಿಗೂ ಬೇಡ.

ಅಶ್ವಗಂಧ: ಬೇರಿನ ಪುಡಿ 2 ಗ್ರಾಂ. ರೋಹು ಮೇಲೆ 1, 2, 3 ಗ್ರಾಂ ಕೊಟ್ಟು ನೋಡಿದ ಪ್ರಯೋಗದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ನಡುವಿನ 2 ಗ್ರಾಂ, 3 ಗ್ರಾಂ ಅಲ್ಲ. ಎಲ್ಲ ಮೂಲಿಕೆಗೂ ಈ ಪಾಠ ಅನ್ವಯ. ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ಅಮೃತಬಳ್ಳಿ: ಒಣಗಿಸಿದ ಕಾಂಡದ ಪುಡಿ 2 ಗ್ರಾಂನಿಂದ ಶುರು, 5 ದಾಟಬೇಡಿ. ಭಾರಿ ಕಹಿ, ಮೀನು ಬಾಯಿಗೆ ತೆಗೆದುಕೊಂಡು ಉಗುಳುತ್ತೆ. ಗ್ರಂಥಿಗೆ ಅಂಗಡಿಯಲ್ಲಿ ಪುಡಿಗಿಂತ ಕಾಂಡದ ತುಂಡನ್ನೇ ಕೇಳಿ, ಕಣ್ಣಿಗೆ ಗುರುತು ಸಿಗುತ್ತೆ.

ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ಮೊದಲ ತಿಂಗಳು ಬೆಳ್ಳುಳ್ಳಿ ಮತ್ತು ಅರಿಶಿನ, ಎರಡನೇ ಸುತ್ತಿಗೆ ಅಶ್ವಗಂಧ. ಅಷ್ಟು ಸಾಕು.

ಹಚ್ಚುವ ವಿಧಾನ (5 ಕೆಜಿಗೆ):

50 ಗ್ರಾಂ ಎಸಳು ಚೆನ್ನಾಗಿ ಜಜ್ಜಿ 10 ನಿಮಿಷ ಹಾಗೇ ಬಿಡಿ. ಈ 10 ನಿಮಿಷ ಕಾಯದೆ ಮುಂದಕ್ಕೆ ಹೋಗಬೇಡಿ. ಬೆಳ್ಳುಳ್ಳಿಯ ರೋಗಾಣು ಕೊಲ್ಲುವ ಸತ್ವ ಅಲಿಸಿನ್, ಇಡೀ ಎಸಳಿನಲ್ಲಿ ಅದು ಇರುವುದೇ ಇಲ್ಲ, ಜಜ್ಜಿದಾಗ ಒಳಗಿನ ಕಿಣ್ವ ಕೆಲಸ ಮಾಡಿ ಆಗ ಹುಟ್ಟುತ್ತೆ. ಬೇಯಿಸಿದರೆ ಅಥವಾ ಬಿಸಿ ನೀರು ಹಾಕಿದರೆ ಕಿಣ್ವ ಸಾಯುತ್ತೆ, ಕಥೆ ಮುಗೀತು. ಆಮೇಲೆ 300 ಮಿಲಿ ತಣ್ಣೀರು ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸಿ. ಚರಟ ಎಸೆಯಬೇಡಿ, ತಿಪ್ಪೆಗೆ ಹಾಕಿ.

ಪೆಲೆಟ್ ಅನ್ನು ಟಾರ್ಪಾಲಿನ್ ಮೇಲೆ ತೆಳ್ಳಗೆ ಹರಡಿ, ಗಿಡಕ್ಕೆ ಹೊಡೆಯುವ ಕೈ ಸ್ಪ್ರೇಯರ್‌ನಲ್ಲಿ ರಸ ಸಿಂಪಡಿಸುತ್ತಾ ಮಗುಚಿ. ಕೀಟನಾಶಕ ಹೊಡೆದ ಸ್ಪ್ರೇಯರ್ ಬೇಡ, ಮೀನಿಗೇ ಅಂತ ಹೊಸದೊಂದು ಇಟ್ಟುಕೊಳ್ಳಿ. ಮಗ್‌ನಲ್ಲಿ ಸುರಿದರೆ ಒಂದು ಕಡೆ ಪೆಲೆಟ್ ಉಬ್ಬಿ ಅಂಟಾಗುತ್ತೆ, ಇನ್ನೊಂದು ಕಡೆ ಒಣಗಿರುತ್ತೆ. ಕೆಜಿಗೆ 80 ಮಿಲಿಗಿಂತ ಹೆಚ್ಚು ದ್ರವ ಹಾಕಬೇಡಿ.

20 ನಿಮಿಷ ಹೀರಲಿ. ಅಷ್ಟರಲ್ಲಿ 10 ಗ್ರಾಂ ಅರಿಶಿನವನ್ನು 75 ಮಿಲಿ ಅಡುಗೆ ಎಣ್ಣೆಯಲ್ಲಿ ಕಲಸಿಡಿ, ಅರಿಶಿನದ ಸತ್ವ ನೀರಿನಲ್ಲಿ ಕರಗಲ್ಲ, ಎಣ್ಣೆಯಲ್ಲಿ ಕರಗುತ್ತೆ. ಈ ಎಣ್ಣೆಯನ್ನು ಪೆಲೆಟ್‌ಗೆ ಹಾಕಿ ಕೈಯಲ್ಲಿ ಉಜ್ಜಿ. ಎಣ್ಣೆಯೇ ಹೊದಿಕೆ, ಒಳಗಿನ ಬೆಳ್ಳುಳ್ಳಿ ರಸ ನೀರಿಗೆ ಬಿಟ್ಟುಕೊಡುವುದನ್ನು ತಡೆಯುತ್ತೆ. ನೆರಳಿನಲ್ಲಿ ಒಂದು ಗಂಟೆ ಒಣಗಿಸಿ ಅವತ್ತೇ ಕೊಟ್ಟು ಮುಗಿಸಿ.

ತೊಳೆದು ಹೋಗುತ್ತಾ ಅಂತ ನೋಡಲು ಗಾಜಿನ ಲೋಟದಲ್ಲಿ ಹೊಂಡದ ನೀರು ತೆಗೆದು 20 ಪೆಲೆಟ್ ಹಾಕಿ. 10 ನಿಮಿಷದಲ್ಲಿ ನೀರು ಹಳದಿಯಾದರೆ ಹೊದಿಕೆ ಸರಿಯಾಗಿಲ್ಲ, ಎಣ್ಣೆ ಕಡಿಮೆ ಅಥವಾ ಒಣಗಿದ್ದು ಸಾಲದು.

---

ಹಳ್ಳಿವೈದ್ಯ

ಇಷ್ಟೆಲ್ಲ ಕಷ್ಟ ಯಾಕೆ ಗುರು? ಬೇವಿನ ಸೊಪ್ಪು ಎರಡು ಹೊರೆ ಅರೆದು ಹೊಂಡಕ್ಕೇ ಸುರಿದರೆ ಆಯ್ತು. ಗಿಡದ್ದು ತಾನೇ, ಏನೂ ಆಗಲ್ಲ. ಹೇನಿದ್ದರೂ ಹೋಗುತ್ತೆ.

---

ಏರಿಮೇಲೆ

ಗಿಡದ್ದು ಅಂದಮೇಲೆ ಏನೂ ಆಗಲ್ಲ ಅನ್ನುವ ಮಾತು ಮೀನು ಸಾಕುವವರ ಬಾಯಲ್ಲಿ ಬರಬಾರದು ಸ್ವಾಮಿ. ಹಿಪ್ಪೆ ಹಿಂಡಿ ಗಿಡದ್ದೇ. ಹೊಂಡ ತಯಾರಿಯಲ್ಲಿ ಕಳೆ ಮೀನು ಕೊಲ್ಲಲು ಹೆಕ್ಟೇರ್-ಮೀಟರ್‌ಗೆ (ಒಂದು ಹೆಕ್ಟೇರ್, ಒಂದು ಮೀಟರ್ ಆಳದ ನೀರಿಗೆ) 2,500 ಕೆಜಿ ಲೆಕ್ಕದಲ್ಲಿ ಹಾಕುವುದು ಅದನ್ನೇ, ಅದರ ಸಪೋನಿನ್ ಮೀನಿನ ರಕ್ತಕಣ ಒಡೆಯುತ್ತೆ, ಎರಡು-ಮೂರು ವಾರ ಆ ನೀರಿಗೆ ಮರಿ ಬಿಡುವಂತಿಲ್ಲ. ಬೇವಿನ ಸತ್ವವೂ ಪ್ರಮಾಣ ಮೀರಿದರೆ ಮೀನಿಗೆ ವಿಷ. ಅದು ಹಾಗಿರಲಿ, ಎರಡು ಹೊರೆ ಹಸಿ ಸೊಪ್ಪು ಹೊಂಡದಲ್ಲಿ ಕೊಳೆತರೆ ರಾತ್ರಿ ಆಮ್ಲಜನಕ ಎಳೆದುಕೊಳ್ಳುತ್ತೆ. ಬೆಳಗಾಗುವಷ್ಟರಲ್ಲಿ ಮೀನು ಮೇಲೆ ಬಾಯಿ ಬಿಡುತ್ತಿರುತ್ತೆ, ಬೇವಿನ ವಿಷ ಅಂತ ಕಾಯುವುದೇ ಬೇಡ.

ಹತ್ತುಗುಂಟೆಯವರಿಗೆ: ಮೇಲೆ ಹೇಳಿದ ಬೆಳ್ಳುಳ್ಳಿ ವಿಧಾನ ಸರಿ ಇದೆ. ಆದರೆ ನಿಮ್ಮ ವಿವರಣೆಯಲ್ಲಿ ಚಳಿ, ರೋಹು, ಕೆಂಪು ಚುಕ್ಕೆ, ಹುಣ್ಣು ನಾಲ್ಕೂ ಒಟ್ಟಿಗೆ ಬಂದಿವೆ. ಮೂರು ಸಾಧ್ಯತೆ ನೋಡಬೇಕು.

ಒಂದು, ಮೀನು ಹೇನು. ರೋಹು ಅಂದರೆ ಅದಕ್ಕೆ ಬಲು ಇಷ್ಟ. ಕಾಳಿನ ಗಾತ್ರದ ಚಪ್ಪಟೆ, ಪಾರದರ್ಶಕ ಹುಳು, ರೆಕ್ಕೆ ಬುಡದಲ್ಲಿ ಹರಿದಾಡುವುದು ಬರಿಗಣ್ಣಿಗೇ ಕಾಣುತ್ತೆ. ಅದು ಚುಚ್ಚಿದ ಜಾಗದಲ್ಲಿ ಕೆಂಪು ಚುಕ್ಕೆ, ಆ ತೂತಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗಿ ಹುಣ್ಣು. ಇದ್ದರೆ ಯಾವ ಮೂಲಿಕೆಯೂ ಕೆಲಸಕ್ಕೆ ಬರಲ್ಲ, ಮೊದಲು ಹೇನು ತೆಗೆಯಬೇಕು. ಬಿದಿರು ಅಥವಾ ಹಲಗೆ ನೀರಿನಲ್ಲಿ ನಿಲ್ಲಿಸಿ, ಅವು ಅದರ ಮೇಲೆ ಮೊಟ್ಟೆ ಸಾಲು ಅಂಟಿಸುತ್ತವೆ. ವಾರಕ್ಕೊಮ್ಮೆ ಮೇಲೆತ್ತಿ ಬಿಸಿಲಿಗೆ ಒಣಗಿಸಿ. ಪುಕ್ಕಟೆ ಕೆಲಸ, ಮಾಡುವವರೇ ಕಡಿಮೆ.

ಎರಡು, ಹುಣ್ಣುರೋಗ, ಇಯುಎಸ್ ಅನ್ನುತ್ತಾರಲ್ಲ ಅದು. ಭಾರತಕ್ಕೆ 1988ರಲ್ಲಿ ಬಂತು. ಬರಿಸುವುದು ಒಂದು ನೀರು ಬೂಷ್ಟು, ನೀರು 18ರಿಂದ 22 ಡಿಗ್ರಿ ಇರುವಾಗ ಅದಕ್ಕೆ ಹಬ್ಬ. ಅದೇ ಹೊತ್ತಿಗೆ ಮೀನಿನ ರಕ್ಷಣಾ ವ್ಯವಸ್ಥೆ ನಿಧಾನ ಆಗಿರುತ್ತೆ, ಮೀನಿನ ಮೈಬಿಸಿ ನೀರಿನ ಬಿಸಿಯೇ ತಾನೇ. ಬೆಂಗಳೂರಿನ ಸುತ್ತ ಡಿಸೆಂಬರ್, ಜನವರಿ ಬೆಳಗಿನ ನೀರು ಇದೇ ಮಟ್ಟಕ್ಕೆ ಇಳಿಯುತ್ತೆ. ಮಳೆ ನೀರಿನ ಜೊತೆ ಕೆರೆಯ ಕಳೆ ಮೀನು, ಕೊರಮೀನು ಹೊಂಡಕ್ಕೆ ನುಗ್ಗದ ಹಾಗೆ ಒಳಹರಿವಿಗೆ ಜಾಲರಿ ಕಟ್ಟಿ, ರೋಗ ಹೊತ್ತು ತರುವುದು ಅವು. ಸಾಮಾನ್ಯ ಗೆಂಡೆ ಇದಕ್ಕೆ ಅಷ್ಟಾಗಿ ತುತ್ತಾಗಲ್ಲ, ಮುಂದಿನ ಬಿತ್ತನೆಯಲ್ಲಿ ಯೋಚಿಸಿ. ಚಳಿಗೆ ಮುಂಚೆ ಸುಣ್ಣ ನಿಮ್ಮ ಹೊಂಡಕ್ಕೆ 20 ಕೆಜಿ, ಹಿಂದಿನ ರಾತ್ರಿ ನೀರಿನಲ್ಲಿ ಅರಳಿಸಿ ತಿಳಿ ಮಾಡಿ, ಎರಡು ಕಂತಿನಲ್ಲಿ, ವಾರದ ಅಂತರ. ಆದರೆ ಬೆಳಗಿನ ಪಿಎಚ್ ಆಗಲೇ 8.5 ಇದ್ದರೆ ಸುಣ್ಣ ಬೇಡ, ನಮ್ಮ ಕಡೆ ಬೋರ್ ನೀರು ಮೊದಲೇ ಗಡಸು. ಸುಣ್ಣ ಜಾಸ್ತಿಯಾದರೆ ಅಮೋನಿಯ ಇನ್ನೂ ವಿಷವಾಗುತ್ತೆ. ರೋಗ ಬಂದೇ ಬಿಟ್ಟರೆ ಸಿಫಾ (ಕೇಂದ್ರದ ಸಿಹಿನೀರು ಮೀನು ಸಾಕಣೆ ಸಂಶೋಧನಾ ಸಂಸ್ಥೆ) ಮಾಡಿದ ಸಿಫಾಕ್ಸ್ ಔಷಧಿ ಇದೆ, ಹೆಕ್ಟೇರ್-ಮೀಟರ್‌ಗೆ 1 ಲೀಟರ್. ನಿಮ್ಮದು ಸುಮಾರು 0.15 ಹೆಕ್ಟೇರ್-ಮೀಟರ್, ಅಂದರೆ 150 ಮಿಲಿ, ಬಕೆಟ್ ನೀರಿನಲ್ಲಿ ಕಲಸಿ ಹೊಂಡದ ತುಂಬ ಎರಚುವುದು.

ಮೂರು, ಬರೀ ಆಮ್ಲಜನಕದ ಕೊರತೆಯಿಂದ ಸೊರಗಿದ ಮೀನು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಅದೇ ತಾಪಮಾನದ ಮಂಗಳೂರಿನ ನೀರಿಗಿಂತ ನಮ್ಮ ನೀರು ಹಿಡಿಯುವ ಆಮ್ಲಜನಕ ಸುಮಾರು 10% ಕಮ್ಮಿ. ಕರಾವಳಿಯ ಲೆಕ್ಕದಲ್ಲಿ ಮೀನು ತುಂಬಿದವರು ಇಲ್ಲಿ ಒದ್ದಾಡುವುದು ಇದಕ್ಕೇ. ಬೆಳಗಿನ ಜಾವ ಆಮ್ಲಜನಕ ಲೀಟರ್‌ಗೆ 5 ಮಿಗ್ರಾಂ ಇರಲಿ, 3ಕ್ಕೆ ಇಳಿದ ದಿನ ಬೆಳಗಿನ ಊಟ ನಿಲ್ಲಿಸಿ. ಬೋರ್ ನೀರು ನೇರ ಪೈಪ್‌ನಲ್ಲಿ ಬಿಡಬೇಡಿ, ಅದರಲ್ಲಿ ಆಮ್ಲಜನಕ ಇರುವುದೇ ಇಲ್ಲ ಅನ್ನಬಹುದು. ಎತ್ತರದಿಂದ ಹಲಗೆಗೆ ಬಡಿದು ಚೆಲ್ಲುವ ಹಾಗೆ ಮಾಡಿ.

---

ಹತ್ತುಗುಂಟೆ

ತುಂಬಾ ಧನ್ಯವಾದ ಸರ್, ಇಬ್ಬರಿಗೂ. ಹೇನು ನೋಡಿಲ್ಲ, ಬಲೆ ಹಾಕಿ ನೋಡ್ತೀನಿ. ಎರಡು ಡೌಟು. ಪೆಲೆಟ್ ತೇಲುತ್ತೆ, ಮೃಗಾಲ್ ತಳದಲ್ಲಿ ಇರುತ್ತೆ, ಅದಕ್ಕೆ ಮೂಲಿಕೆ ತಲುಪುತ್ತಾ? ದಿನಾ ಅರೆಯುವುದು ಕಷ್ಟ, ವಾರದ್ದು ಒಟ್ಟಿಗೆ ಮಾಡಿ ಚೀಲದಲ್ಲಿ ಇಡಬಹುದಾ?

---

ತೌಡುಹಿಂಡಿ

ಎರಡನೆಯದಕ್ಕೆ ಮೊದಲು ಉತ್ತರ: ಬೇಡವೇ ಬೇಡ. ಪೆಲೆಟ್‌ನಲ್ಲಿ ತೇವ 12% ದಾಟಿದರೆ ಬೂಷ್ಟು ಹಿಡಿಯುತ್ತೆ. ನೀವು ಕೆಜಿಗೆ 60-80 ಮಿಲಿ ರಸ ಸೇರಿಸಿದ್ದೀರಿ, ಒಂದು ಗಂಟೆ ನೆರಳಲ್ಲಿ ಅಷ್ಟೂ ಆರುವುದಿಲ್ಲ. ಹಳದಿ-ಹಸಿರು ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಮೀನಿನ ಪಿತ್ತಜನಕಾಂಗ ಕೆಡಿಸಿ ರೋಗನಿರೋಧಕ ಶಕ್ತಿಯನ್ನೇ ಇಳಿಸುತ್ತೆ. ಅಂದರೆ ಶಕ್ತಿ ಹೆಚ್ಚಿಸಲು ಹೋಗಿ ಇಳಿಸಿದ ಹಾಗೆ. ಅಲಿಸಿನ್ ಕೂಡ ಇಟ್ಟಷ್ಟೂ ಕೆಡುತ್ತಾ ಹೋಗುತ್ತೆ. ದಿನಾ ಅರೆಯಲು ಆಗದಿದ್ದರೆ ಒಳ್ಳೆಯ ಬೆಳ್ಳುಳ್ಳಿ ಪುಡಿ 3 ಗ್ರಾಂ ಲೆಕ್ಕದಲ್ಲಿ ಎಣ್ಣೆಯಲ್ಲೇ ಕಲಸಿ ಹಚ್ಚಿ, ನೀರು ಬಳಸದೆ. ಅದನ್ನು ಎರಡು-ಮೂರು ದಿನ ಗಾಳಿಯಾಡದ ಡಬ್ಬಿಯಲ್ಲಿ ಇಡಬಹುದು. ಪೆಲೆಟ್ ಚೀಲಗಳನ್ನೂ ಸಿಮೆಂಟ್ ನೆಲದ ಮೇಲೆ ಇಡಬೇಡಿ, ಮಳೆಗಾಲದಲ್ಲಿ ನೆಲವೇ ಬೆವರುತ್ತೆ. ಮರದ ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ.

ಮೃಗಾಲ್ ಪ್ರಶ್ನೆ ಒಳ್ಳೆಯದು, ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. ಕಾಟ್ಲಾ ಮೇಲ್ಪದರ, ರೋಹು ನಡುವೆ, ಮೃಗಾಲ್ ತಳ. ತೇಲುವ ಪೆಲೆಟ್ ಅದಕ್ಕೆ ಸರಿಯಾಗಿ ಸಿಗಲ್ಲ. ಬೆರಕೆ ಕೊಡುವ ತಿಂಗಳು ದಿನದ 5 ಕೆಜಿಯಲ್ಲಿ ಒಂದೂಕಾಲು ಕೆಜಿಯನ್ನು ಉಂಡೆ ಮಾಡಿ. ಅಕ್ಕಿ ತೌಡು 600 ಗ್ರಾಂ, ಕಡಲೆಕಾಯಿ ಹಿಂಡಿ 600 ಗ್ರಾಂ. 50 ಗ್ರಾಂ ಮೈದಾ ಅಥವಾ ರಾಗಿ ಹಿಟ್ಟಿನ ಗಂಜಿ ಕಾಯಿಸಿ ಪೂರ್ತಿ ಆರಲು ಬಿಡಿ. ಆರಿದ ಮೇಲೆಯೇ 12 ಗ್ರಾಂ ಬೆಳ್ಳುಳ್ಳಿ ಅರೆದದ್ದು, ಎರಡೂವರೆ ಗ್ರಾಂ ಅರಿಶಿನ ಸೇರಿಸಿ ಗಟ್ಟಿಯಾಗಿ ನಾದಿ. ಬಿಸಿ ಗಂಜಿಗೆ ಹಾಕಿದರೆ ಬೆಳ್ಳುಳ್ಳಿ ಸತ್ತ ಹಾಗೆ. ಉಂಡೆಯನ್ನು ಅಲ್ಯೂಮಿನಿಯಂ ತಟ್ಟೆಯಲ್ಲಿಟ್ಟು ನಾಲ್ಕು ಮೂಲೆಗೆ ಹಗ್ಗ ಕಟ್ಟಿ ತಳಕ್ಕೆ ಇಳಿಸಿ. ಎರಡು ಗಂಟೆ ಆದ ಮೇಲೆ ಎತ್ತಿ ನೋಡಿ, ಉಳಿದಿದ್ದರೆ ನಾಳೆ ಅಷ್ಟು ಕಡಿಮೆ.

ತೂತು ಮಾಡಿದ ಚೀಲದಲ್ಲಿ ತೌಡು-ಹಿಂಡಿ ಕಟ್ಟುವ ಪದ್ಧತಿಯಲ್ಲಿ ಮೂಲಿಕೆ ಪುಡಿ ಬೆರೆಸಬೇಡಿ. ಪುಡಿ ನೀರಿಗೆ ಹೋಗುತ್ತೆ, ಮೀನಿನ ಹೊಟ್ಟೆಗಲ್ಲ. ಹಿಂಡಿಯನ್ನು ಕೊಳ್ಳುವಾಗ ಮುರಿದು ಮೂಸಿ ನೋಡಿ, ಮುಗ್ಗಲು ವಾಸನೆ ಬಂದರೆ ವಾಪಸ್. ಕಡಲೆಕಾಯಿ ಹಿಂಡಿಗೆ ಅಫ್ಲಾಟಾಕ್ಸಿನ್ ಬೇಗ ತಗಲುತ್ತೆ.

---

ಸೊಪ್ಪಿನಮಡಿ

ನುಗ್ಗೆಸೊಪ್ಪಿನ ಬಗ್ಗೆ ಯಾರೂ ಹೇಳಲಿಲ್ಲ. ಅದು ಮೂಲಿಕೆ ಲೆಕ್ಕಕ್ಕಿಂತ ಆಹಾರದ ಲೆಕ್ಕಕ್ಕೆ ಸೇರುತ್ತೆ, ಪ್ರೋಟೀನ್ ಮತ್ತು ವಿಟಮಿನ್‌ಗೆ. ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಉಂಡೆಯಲ್ಲಿ 5%ವರೆಗೆ ತೌಡಿನ ಬದಲು ಹಾಕಿ. ಹೆಚ್ಚಾದರೆ ಅದರಲ್ಲಿರುವ ಸಪೋನಿನ್, ಟ್ಯಾನಿನ್, ಫೈಟೇಟ್‌ಗಳಿಂದ ಜೀರ್ಣ ಕೆಟ್ಟು ಬೆಳವಣಿಗೆ ಕುಂಟುತ್ತೆ. ಲೋಳೆಸರ ಹಾಕುವವರಿಗೂ ಒಂದು ಮಾತು: ಎಲೆ ಕತ್ತರಿಸಿ ಒಂದು ಗಂಟೆ ಓರೆಯಾಗಿ ನಿಲ್ಲಿಸಿ ಹಳದಿ ರಸ ಸೋರಿಸಿ. ಆ ಹಳದಿ ರಸ ಭೇದಿ ಮಾಡಿಸುವಂಥದ್ದು. ಒಳಗಿನ ಲೋಳೆ ಮಾತ್ರ ಬಳಸಿ.

ಕೀಟನಾಶಕ ಹೊಡೆಯುವ ಕೆರೆ ಪಕ್ಕದ ಮಡಿಗಳಲ್ಲಿ ಬೆಳೆದ ಸೊಪ್ಪು ತರಬೇಡಿ. ಎಲೆಗೆ ಹೊಡೆದ ಕೀಟನಾಶಕ ಒಣಗಿಸಿ ಪುಡಿ ಮಾಡಿದಾಗ ಇನ್ನೂ ಗಟ್ಟಿಯಾಗುತ್ತೆ.

---

ಏರಿಮೇಲೆ

ಕೆಲಸ ಮಾಡ್ತಾ ಇದೆಯೋ ಇಲ್ಲವೋ ಗೊತ್ತಾಗುವ ದಾರಿ. ಇಡೀ ಹೊಂಡಕ್ಕೆ ಕೊಟ್ಟು "ಈ ವರ್ಷ ಕಾಯಿಲೆ ಬರಲಿಲ್ಲ" ಅಂದರೆ ಅದು ಬೆಳ್ಳುಳ್ಳಿಯಿಂದಲೋ, ಈ ವರ್ಷ ಚಳಿ ಕಮ್ಮಿ ಇದ್ದದ್ದರಿಂದಲೋ ಹೇಳಲಾಗದು. ಹೊಂಡದಲ್ಲೇ ನಾಲ್ಕು ಹಾಪಾ (ಜಾಲರಿಯ ಪೆಟ್ಟಿಗೆ) ಕಟ್ಟಿ, 2 ಮೀಟರ್ ಉದ್ದ, 1 ಅಗಲ, ಒಂದೂಕಾಲು ಆಳ. ಒಂದೊಂದಕ್ಕೆ 30-50 ಗ್ರಾಂ ತೂಕದ 15 ರೋಹು ಮರಿ, ತೂಕ ಬರೆದಿಟ್ಟು. ಎರಡಕ್ಕೆ ಬೆರಕೆ ಪೆಲೆಟ್, ಎರಡಕ್ಕೆ ಬರೀ ಎಣ್ಣೆ ಹಚ್ಚಿದ ಪೆಲೆಟ್. ಬರೀ ಪೆಲೆಟ್ ಅಲ್ಲ, ಎಣ್ಣೆ ಹಚ್ಚಿದ್ದು. ಇಲ್ಲದಿದ್ದರೆ ಎಣ್ಣೆಯಿಂದ ಬಂದ ತೂಕವನ್ನು ಮೂಲಿಕೆ ಖಾತೆಗೆ ಬರೆದುಬಿಡ್ತೀರಿ. ಮರಿಯ ಬಾಯಿಗೆ 2 ಮಿ.ಮೀ. ಪೆಲೆಟ್, 4 ಅಲ್ಲ. ಹದಿನೈದು ದಿನಕ್ಕೊಮ್ಮೆ ತೂಗಿ, ತಿಂದ ಆಹಾರವನ್ನು ಹೆಚ್ಚಿದ ತೂಕದಿಂದ ಭಾಗಿಸಿ. ಸತ್ತದ್ದು, ಚುಕ್ಕೆ ಬಂದದ್ದು ಎಣಿಸಿ. ಹಾಪಾ ಜಾಲರಿಗೆ ಪಾಚಿ ಕಟ್ಟಿದರೆ ಒಳಗೆ ನೀರು ಓಡಾಡಲ್ಲ, ವಾರಕ್ಕೊಮ್ಮೆ ಉಜ್ಜಿ.

ಮಾರುಕಟ್ಟೆಯಲ್ಲಿ ಸಿಗುವ "ಇಮ್ಯುನಿಟಿ ಬೂಸ್ಟರ್" ಬಾಟಲಿಗಳನ್ನೂ ಹೀಗೇ ಒಂದು ಹಾಪಾದಲ್ಲಿ ಹಾಕಿ ನೋಡಿ ಆಮೇಲೆ ದುಡ್ಡು ಕೊಡಿ. ಲೇಬಲ್ ಮೇಲೆ ಯಾವ ಮೂಲಿಕೆ, ಎಷ್ಟು ಪ್ರಮಾಣ, ಬ್ಯಾಚ್, ಅವಧಿ ಇಲ್ಲದಿದ್ದರೆ ಕೈಗೇ ತೆಗೆದುಕೊಳ್ಳಬೇಡಿ. ಅದರೊಳಗೆ ನಿಷೇಧಿತ ಔಷಧಿ ಬೆರೆತಿದ್ದರೆ, ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ತರಹದ್ದು, ಉಳಿಕೆ ಸಿಗುವುದು ನಿಮ್ಮ ಮೀನಿನಲ್ಲಿ.

---

ಹತ್ತುಗುಂಟೆ

ಹಾಪಾ ಐಡಿಯಾ ಚೆನ್ನಾಗಿದೆ ಸರ್. ಕೊನೆಯ ಪ್ರಶ್ನೆ: ಮೀನು ಹಿಡಿಯುವ ಮುಂಚೆ ನಿಲ್ಲಿಸಬೇಕಾ? ಹುಣ್ಣು ಕಂಡರೆ ಪರೀಕ್ಷೆಗೆ ಎಲ್ಲಿಗೆ ಒಯ್ಯಬೇಕು?

---

ತೌಡುಹಿಂಡಿ

ಹಿಡಿಯುವ ಹತ್ತು ದಿನ ಮುಂಚೆ ಬೆರಕೆ ನಿಲ್ಲಿಸಿ. ಮಾಂಸಕ್ಕೆ ಬೆಳ್ಳುಳ್ಳಿ ವಾಸನೆ ಬಂತು ಅಂತ ಗಿರಾಕಿ ಮೂಗು ಮುರಿಯುವುದು ಬೇಡ, ಸಾರಿಗೆ ಅವರೇ ಹಾಕಿಕೊಳ್ಳಲಿ. ಚಳಿಯಲ್ಲಿ ನೀರು 20 ಡಿಗ್ರಿಗೆ ಇಳಿದ ದಿನಗಳಲ್ಲಿ ದಿನದ ಆಹಾರದ ಪ್ರಮಾಣವನ್ನೂ ಅರ್ಧಕ್ಕೆ ಇಳಿಸಿ. ಬಿಸಿಲೇರಿ ಹತ್ತು ಗಂಟೆ ಮೇಲೆ ಒಂದೇ ಹೊತ್ತು ಕೊಡಿ, ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಅಮೋನಿಯ ಆಗುತ್ತೆ.

---

ಏರಿಮೇಲೆ

ಪರೀಕ್ಷೆಗೆ ಹೆಸರಘಟ್ಟದಲ್ಲಿ ಸಿಫಾದ ಪ್ರಾದೇಶಿಕ ಸಂಶೋಧನಾ ಕೇಂದ್ರ ಇದೆ. ನಿಮಗೆ ದೂರ ಅಲ್ಲ. ಹೋಗುವ ಮುಂಚೆ ಫೋನ್ ಮಾಡಿ. ತಾಲ್ಲೂಕು ಮೀನುಗಾರಿಕೆ ಇಲಾಖೆ ಕಚೇರಿಗೂ ತಿಳಿಸಿ. ಸತ್ತ ಮೀನನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಯ್ಯುವುದು ವ್ಯರ್ಥ, ಸತ್ತ ಸ್ವಲ್ಪ ಹೊತ್ತಿಗೇ ಹೊರಗಿನ ಹುಳುಗಳು ಬಿಟ್ಟುಹೋಗುತ್ತವೆ, ಬೇರೆ ಬ್ಯಾಕ್ಟೀರಿಯಾ ತುಂಬಿಕೊಳ್ಳುತ್ತೆ. ಹುಣ್ಣಿದ್ದು ಇನ್ನೂ ಈಜುತ್ತಿರುವ ಮೂರು ಮೀನು ಆರಿಸಿ. ಮರಿ ಸಾಗಿಸುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮೂರನೇ ಒಂದು ಭಾಗ ಹೊಂಡದ ನೀರು, ಉಳಿದಷ್ಟು ಆಮ್ಲಜನಕ ತುಂಬಿಸಿ ಕಟ್ಟಿ, ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಬೆಳಗ್ಗೆ ಬೇಗ ಹೊರಡಿ. ಬೇರೆ ಬಾಟಲಿಯಲ್ಲಿ ಒಂದು ಲೀಟರ್ ಹೊಂಡದ ನೀರು, ಬಾಯಿವರೆಗೆ ತುಂಬಿ ಗಾಳಿ ಗುಳ್ಳೆ ಇರದ ಹಾಗೆ. ಒಂದು ಚೀಟಿಯಲ್ಲಿ ಎಷ್ಟು ದಿನದಿಂದ, ಯಾವ ಜಾತಿಗೆ, ದಿನಕ್ಕೆ ಎಷ್ಟು ಸಾವು, ಕಳೆದ ಹದಿನೈದು ದಿನದಲ್ಲಿ ಹೊಂಡಕ್ಕೆ ಏನೇನು ಹಾಕಿದ್ದೀರಿ ಅಂತ ಬರೆದು ಚೀಲಕ್ಕೆ ಕಟ್ಟಿ. ಬೆಳ್ಳುಳ್ಳಿಯನ್ನೂ ಬರೆಯಿರಿ.